ಲಿಸಿಯಾ ಕರಾವಳಿಯಲ್ಲಿ ಒಂದು ವಾರದ ನೌಕಾಯಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಟರ್ಕಿಯ ನೈರುತ್ಯ ಅಂಚಿನಲ್ಲಿರುವ, ಪ್ರಾಚೀನ ಕಾಲದಲ್ಲಿ ಲಿಸಿಯನ್ನರ ನಾಡಾಗಿದ್ದ ಲಿಸಿಯಾ ಕರಾವಳಿಯನ್ನು ಈ ಅಂಕಣದಲ್ಲಿ ಪ್ರಸ್ತಾಪಿಸಿದ ಮೇಲೆ ಅಲ್ಲಿನ ನೌಕಾಯಾನದ ಬಗ್ಗೆ ವಿಚಾರಿಸಿ ಅನೇಕರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನೂ ನನ್ನ ಪತ್ನಿಯೂ ಇತ್ತೀಚೆಗೆ ನಿವೃತ್ತರಾದವರು. ಒಂದು ವಾರ ನೌಕೆಯಲ್ಲೇ ಉಳಿದುಕೊಂಡು ಲಿಸಿಯಾದ ತೀರವನ್ನು ನೋಡಬೇಕೆಂಬ ಆಸೆಯಿದೆ. ಎಲ್ಲಿಂದ ಹೊರಟು ಎಲ್ಲಿಗೆ ಹೋಗುವುದು ಒಳ್ಳೆಯದು? ಯಾವ ತಿಂಗಳು ಸೂಕ್ತ?

ಉತ್ತರ: ಫೆತಿಯೆಯಿಂದ ಹೊರಟು ಪೂರ್ವಕ್ಕೆ, ಕೆಕೊವಾ ದ್ವೀಪದ ಕಡೆಗೆ ಹೋಗಿ. ಈ ದಿಕ್ಕನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ವಾಯವ್ಯ ಮತ್ತು ಪಶ್ಚಿಮದ ಕಡೆಯಿಂದ ಬೀಸುತ್ತದೆ. ಬೆಳಿಗ್ಗೆ ಸುಮ್ಮನಿದ್ದು, ಮಧ್ಯಾಹ್ನದ ಹೊತ್ತಿಗೆ ಬಲಗೊಂಡು, ಸೂರ್ಯ ಮುಳುಗುವಾಗ ಮತ್ತೆ ತಣ್ಣಗಾಗುತ್ತದೆ. ಪೂರ್ವಕ್ಕೆ ಹೋಗುವವರಿಗೆ ಈ ಗಾಳಿ ಬೆನ್ನ ಹಿಂದಿರುತ್ತದೆ, ಪಶ್ಚಿಮಕ್ಕೆ ಮರಳುವವರಿಗೆ ಮುಖಕ್ಕೆ ಹೊಡೆಯುತ್ತದೆ. ಏಳು ರಾತ್ರಿಗಳ ಪ್ರವಾಸ ಮಾರುವ ಬಹುತೇಕ ಸಂಸ್ಥೆಗಳು ಫೆತಿಯೆಯಿಂದ ಹೊರಟು ಕೆಕೊವಾ ಮುಟ್ಟಿ ಮತ್ತೆ ಫೆತಿಯೆಗೇ ತಂದು ಬಿಡುತ್ತವೆ. ನೀವು ಬಂಧುಮಿತ್ರರ ಜೊತೆ ಸೇರಿ ಇಡೀ ನೌಕೆಯನ್ನೇ ಬಾಡಿಗೆಗೆ ಹಿಡಿಯುವುದಾದರೆ, ನೌಕೆ ಖಾಲಿ ಮರಳುವುದಕ್ಕೆ ಸ್ವಲ್ಪ ಹೆಚ್ಚು ಹಣ ತೆತ್ತಾದರೂ ಸರಿ, ಕೆಕೊವಾಕ್ಕೆ ಹತ್ತಿರದ ದೆಮ್ರೆಯಲ್ಲಿ ಇಳಿದು ರಸ್ತೆಯಲ್ಲಿ ಅಂತಾಲ್ಯ ವಿಮಾನ ನಿಲ್ದಾಣಕ್ಕೆ ಹೋಗುವಂತೆ ಒಪ್ಪಂದ ಮಾಡಿಕೊಳ್ಳಿ. ಮರುಪ್ರಯಾಣದಲ್ಲಿ ಕಳೆಯುವ ಎರಡು ದಿನಗಳನ್ನು ಕೊಲ್ಲಿಗಳಲ್ಲಿ ನಿಧಾನವಾಗಿ ಕಳೆಯಬಹುದು.

ಫೆತಿಯೆಗೆ ಹತ್ತಿರದ ವಿಮಾನ ನಿಲ್ದಾಣ ದಲಮಾನ್, ಸುಮಾರು 50 ಕಿ.ಮೀ. ದೂರ. ನೌಕೆ ಹತ್ತುವ ಮುನ್ನ ಊರಿನ ಹಿಂದಿನ ಬಂಡೆಯಲ್ಲಿ ಕೊರೆದ ಅಮಿಂತಾಸನ ಗೋರಿಯನ್ನು ನೋಡಲೇಬೇಕು. ಕ್ರಿ.ಪೂ. 4ನೇ ಶತಮಾನದ ಈ ಗೋರಿಗೆ ಗ್ರೀಕ್ ದೇವಾಲಯದ ಮುಖಮಂಟಪದ ರೂಪವಿದೆ. ಊರಿನ ಹಳೆಯ ಮನೆಗಳು ಬಹುಪಾಲು 1957ರ ಭೂಕಂಪದಲ್ಲಿ ಬಿದ್ದುಹೋದವು. ಬಂಡೆಯ ಗೋರಿಗಳು ಉಳಿದವು.

ಮೊದಲ ಒಂದೆರಡು ದಿನ ಒಲುದೆನಿಜ್ ಮತ್ತು ಗೆಮಿಲೆರ್ ದ್ವೀಪದ ಸುತ್ತ ಕಳೆಯುತ್ತವೆ. ಒಲುದೆನಿಜ್‌ನ ನೀಲಿ ಹಿನ್ನೀರಿನ ಒಳಕ್ಕೆ ನೌಕೆಗಳನ್ನು ಬಿಡುವುದಿಲ್ಲ, ಹೊರಗೆ ಲಂಗರು ಹಾಕುತ್ತಾರೆ. ಅಲ್ಲಿ ಜನಸಂದಣಿಯೂ ಹೆಚ್ಚು. ಗೆಮಿಲೆರ್ ದ್ವೀಪ ಮಾತ್ರ ಸಂಜೆಯ ತಂಪಿನಲ್ಲಿ ಹತ್ತಲು ಯೋಗ್ಯವಾದದ್ದು: ಬೈಜಾಂಟೈನ್ ಕಾಲದ ಹಲವು ಚರ್ಚುಗಳ ಅವಶೇಷಗಳೂ, ಅವುಗಳ ನಡುವೆ ಇಳಿಜಾರಿನಲ್ಲಿ ಸಾಗುವ ಕಮಾನು ಛಾವಣಿಯ ಕಲ್ಲಿನ ಓಣಿಯೂ ಅಲ್ಲಿವೆ. ಎದುರಿನ ದಡದಿಂದ ಕಾಲುಹಾದಿ ಹಿಡಿದರೆ ಕಾಯಾಕೊಯ್ ಎಂಬ ನಿರ್ಜನ ಊರು ಸಿಗುತ್ತದೆ. ಗ್ರೀಸ್ ಮತ್ತು ಟರ್ಕಿ ತಮ್ಮ ನಡುವೆ ಜನರನ್ನು ವಿನಿಮಯ ಮಾಡಿಕೊಳ್ಳಲು 1923ರಲ್ಲಿ ಒಪ್ಪಂದಕ್ಕೆ ಬಂದಾಗ ಅಲ್ಲಿನ ಗ್ರೀಕ್ ಕ್ರೈಸ್ತರ ಬದುಕಿಗೆ ಕೊನೆ ಬಿತ್ತು. ಛಾವಣಿಯಿಲ್ಲದ ನೂರಾರು ಕಲ್ಲಿನ ಮನೆಗಳು ಗುಡ್ಡದ ಮೇಲೆ ಇಂದಿಗೂ ಸಾಲಾಗಿ ನಿಂತಿವೆ.

ಆಮೇಲೆ ಬರುವುದು ಯೆದಿಬುರುನ್ಲಾರ್ ಎಂಬ ಏಳು ಭೂಶಿರಗಳ ಸಾಲು. ತೌರಸ್ ಪರ್ವತಶ್ರೇಣಿಯ ಬೆಟ್ಟಗಳು ಇಲ್ಲಿ ನೇರವಾಗಿ ಸಮುದ್ರಕ್ಕೆ ಇಳಿದಿರುವುದರಿಂದ ತಂಗಲು ಒಳ್ಳೆಯ ಆಸರೆಯಿಲ್ಲ. ಇಡೀ ವಾರದಲ್ಲಿ ಅಲೆಗಳ ಹೊಡೆತ ನಿಜವಾಗಿ ತಟ್ಟುವ ಜಾಗ ಇದೊಂದೇ ಎನ್ನಬಹುದು. ಅನುಭವಿ ಕಪ್ತಾನರು ಬೆಳಕು ಹರಿಯುವ ಮುನ್ನವೇ ಎಂಜಿನ್ ಹಚ್ಚಿ, ಗಾಳಿ ಏಳುವಷ್ಟರಲ್ಲಿ ಇದನ್ನು ದಾಟಿಬಿಡುತ್ತಾರೆ. ಅದರಾಚೆ ಕಲ್ಕನ್, ಕಾಶ್, ಕೊನೆಗೆ ಕೆಕೊವಾ.

ತಿಂಗಳಿನ ವಿಷಯ: ಋತು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಅವಶೇಷಗಳ ನಡುವೆ ಹಗಲು ಹೊತ್ತು ನಡೆಯಲಾಗದಷ್ಟು ಬಿಸಿಲಿರುತ್ತದೆ, ಕೊಲ್ಲಿಗಳೂ ತುಂಬಿರುತ್ತವೆ. ಮೇ ತಿಂಗಳಲ್ಲಿ ಗುಡ್ಡಗಳು ಹಸಿರಾಗಿದ್ದರೂ ನೀರು ಇನ್ನೂ ತಣ್ಣಗಿರುತ್ತದೆ. ಬೇಸಿಗೆಯ ಬಿಸಿಯನ್ನು ಸಮುದ್ರ ಉಳಿಸಿಕೊಂಡಿದ್ದು, ಗಾಳಿ ಮೆತ್ತಗಾಗಿರುವ ಸೆಪ್ಟೆಂಬರ್ ಉತ್ತರಾರ್ಧವೂ ಅಕ್ಟೋಬರ್ ಮೊದಲ ಎರಡು ವಾರಗಳೂ ನಿಮ್ಮಿಬ್ಬರಿಗೆ ಹೇಳಿಮಾಡಿಸಿದಂತಿವೆ.

ಪ್ರಶ್ನೆ: ಜಾಹೀರಾತುಗಳಲ್ಲಿ ಬಿಳಿ ಹಾಯಿ ಬಿಚ್ಚಿದ ಮರದ ನೌಕೆಗಳನ್ನು ತೋರಿಸುತ್ತಾರೆ. ನಿಜವಾಗಿಯೂ ಹಾಯಿಯಿಂದಲೇ ಸಾಗುತ್ತಾರೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಗುಲೆಟ್ ಎಂದು ಕರೆಯುವ ಎರಡು ಅಥವಾ ಮೂರು ಕೂವೆಗಳ ಈ ಮರದ ನೌಕೆಗಳನ್ನು ಬೊದ್ರುಮ್, ಬೊಜ್‌ಬುರುನ್ ಮೊದಲಾದ ಊರುಗಳ ಬಡಗಿಗಳು ಕಟ್ಟುತ್ತಾರೆ. ಮೂಲದಲ್ಲಿ ಇವು ಸರಕು ಸಾಗಿಸುವ, ಸ್ಪಂಜು ಹೆಕ್ಕುವ ದೋಣಿಗಳ ವಂಶಕ್ಕೆ ಸೇರಿದವು. ಅಗಲವಾದ ಹೊಟ್ಟೆ, ದುಂಡನೆಯ ಹಿಂಭಾಗ, ಮೇಲೆ ಇಪ್ಪತ್ತು ಜನ ಕಾಲು ಚಾಚಿ ಮಲಗುವಷ್ಟು ವಿಶಾಲವಾದ ಡೆಕ್. ಇಷ್ಟು ಭಾರದ ನೌಕೆ ಸಣ್ಣ ಗಾಳಿಗೆ ಜಗ್ಗುವುದಿಲ್ಲವಾದ್ದರಿಂದ ದಾರಿಯ ಹೆಚ್ಚಿನ ಪಾಲು ಡೀಸೆಲ್ ಎಂಜಿನ್‌ನಲ್ಲೇ ಸಾಗುತ್ತದೆ. ಗಾಳಿ ಬೆನ್ನಿಗಿದ್ದು ಕಪ್ತಾನರಿಗೆ ಮನಸ್ಸೂ ಬಂದರೆ ಹಾಯಿ ಬಿಚ್ಚುತ್ತಾರೆ. ಹಾಯಿಯೇ ನಿಮಗೆ ಮುಖ್ಯವಾದರೆ ಕಾಯ್ದಿರಿಸುವಾಗಲೇ ಅದನ್ನು ಬರಹದಲ್ಲಿ ಕೇಳಿ, ಹಾಯಿಗಳು ಬಳಕೆಯಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲವೇ ಚುಕ್ಕಾಣಿಗಾರರ ಸಹಿತ ಸಣ್ಣ ಆಧುನಿಕ ಹಾಯಿನೌಕೆಯನ್ನು ಬಾಡಿಗೆಗೆ ಪಡೆಯಿರಿ. ಅದರಲ್ಲಿ ಸ್ಥಳ ಕಡಿಮೆ, ಆದರೆ ಗಾಳಿಯ ಸುಖ ಪೂರ್ತಿ.

ಈ ಬಗೆಯ ಪ್ರವಾಸ ಹುಟ್ಟಿದ್ದು ವಿಲಾಸಕ್ಕಾಗಿ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಲೇಖಕ ಜೆವಾತ್ ಶಾಕಿರ್ ಕಬಾಆಚ್ಲಿ ಅವರನ್ನು 1925ರಲ್ಲಿ ಒಂದು ಬರಹಕ್ಕಾಗಿ ಬೊದ್ರುಮ್‌ಗೆ ಗಡಿಪಾರು ಮಾಡಲಾಯಿತು. ಅವರು ಆ ಊರನ್ನೇ ತಮ್ಮದಾಗಿಸಿಕೊಂಡು, ‘ಹಾಲಿಕರ್ನಾಸಸ್‌ನ ಮೀನುಗಾರ’ ಎಂಬ ಹೆಸರಿನಲ್ಲಿ ಬರೆದರು (ಹಾಲಿಕರ್ನಾಸಸ್ ಎಂಬುದು ಬೊದ್ರುಮ್‌ನ ಹಳೆಯ ಹೆಸರು). ಮುಂದೆ ಸಬಾಹತ್ತಿನ್ ಎಯುಬೊಗ್ಲು, ಅಜ್ರಾ ಎರ್ಹಾತ್ ಮೊದಲಾದ ಗೆಳೆಯರನ್ನು ಸ್ಪಂಜು ಹೆಕ್ಕುವವರ ದೋಣಿಗಳಲ್ಲಿ ಕೂರಿಸಿಕೊಂಡು ಈ ತೀರದ ಹಳೆಯ ಪಟ್ಟಣಗಳನ್ನು ತೋರಿಸಿದರು. ಬ್ರೆಡ್ಡು, ಆಲಿವ್, ಗಿಣ್ಣು, ಹಿಡಿದ ಮೀನು ಇಷ್ಟೇ ಅವರ ಊಟ. ಇಂದು ‘ನೀಲಿ ಯಾನ’ ಎಂದು ಕರೆಯುವ ಈ ನೌಕಾಪ್ರವಾಸದ ಮೂಲ ಅಲ್ಲಿದೆ. ಹವಾನಿಯಂತ್ರಣ, ಜಲಕ್ರೀಡೆಗಳ ಪಟ್ಟಿಯನ್ನೇ ಮುಂದಿಡುವ ನೌಕೆಗಿಂತ, ದಡಕ್ಕೆ ಇಳಿಯಲು ಎಷ್ಟು ಸಮಯ ಕೊಡುತ್ತೀರಿ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ಕಪ್ತಾನರೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಕೆಕೊವಾದ ‘ಮುಳುಗಿದ ನಗರ’ವನ್ನು ಈಜಿ ನೋಡಬಹುದೇ? ಅದು ಮುಳುಗಿದ್ದು ಹೇಗೆ?

ಉತ್ತರ: ಈಜಲು ಅವಕಾಶವಿಲ್ಲ. ಕೆಕೊವಾ ಪ್ರದೇಶವನ್ನು 1990ರಲ್ಲಿ ವಿಶೇಷ ಸಂರಕ್ಷಿತ ವಲಯವೆಂದು ಘೋಷಿಸಲಾಗಿದ್ದು, ದ್ವೀಪದ ಉತ್ತರ ತೀರದ ಅವಶೇಷಗಳ ಮೇಲೆ ಈಜುವುದು, ಮುಳುಗುವುದು, ಲಂಗರು ಹಾಕುವುದು ನಿಷಿದ್ಧ. ನೌಕೆಗಳು ಅವುಗಳ ಪಕ್ಕದಲ್ಲಿ ನಿಧಾನವಾಗಿ ಸಾಗಬಹುದು, ಅಷ್ಟೆ. ಬೆಳಿಗ್ಗೆ ನೀರು ಅಲುಗದಿರುವಾಗ ಹೋದರೆ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ನೀರಿನೊಳಕ್ಕೆ ಇಳಿದು ಹೋಗಿರುವುದು, ಗೋಡೆಗಳ ಬುಡ, ತೊಲೆಗಳನ್ನು ಕೂರಿಸಲು ಕೊರೆದ ಚೌಕ ಗೂಡುಗಳು ಸ್ಪಷ್ಟವಾಗಿ ಕಾಣುತ್ತವೆ. ಜಾಹೀರಾತಿನಲ್ಲಿ ತೋರಿಸುವ ನೀರಡಿಯ ಅರಮನೆಗಳನ್ನು ನಿರೀಕ್ಷಿಸಿ ಹೋಗಬೇಡಿ. ಕಾಣುವುದು ಸಾಮಾನ್ಯ ಜನರ ಮನೆಗಳ, ಬಂದರಿನ ಕಟ್ಟಡಗಳ ಅಡಿಪಾಯ; ಅದರಲ್ಲೇ ಅದರ ಬೆಲೆಯಿದೆ.

ಈ ಭಾಗದ ನೆಲ ಭೂಕಂಪಗಳಿಂದಲೂ ನಿಧಾನವಾದ ಕುಸಿತದಿಂದಲೂ ಸಮುದ್ರಮಟ್ಟಕ್ಕಿಂತ ಕೆಳಗಿಳಿದಿದೆ. ಕ್ರಿ.ಶ. 2ನೇ ಶತಮಾನದ ಭೂಕಂಪಗಳ ಹಾನಿ ದೊಡ್ಡದು. ಕ್ರಿ.ಶ. 141ರ ಕಂಪನ ಲಿಸಿಯಾದ ಅನೇಕ ಪಟ್ಟಣಗಳನ್ನು ಕೆಡವಿದಾಗ, ರೋಡಿಯಾಪೊಲಿಸ್‌ನ ಶ್ರೀಮಂತ ಒಪ್ರಮೊಯಾಸ್ ಅವುಗಳನ್ನು ಮರಳಿ ಕಟ್ಟಲು ಹಣ ಕೊಟ್ಟನು. ಆ ದಾನಗಳ ವಿವರ ಅವನ ಸಮಾಧಿ ಕಟ್ಟಡದ ಗೋಡೆಗಳ ಮೇಲೆ ಉದ್ದುದ್ದ ಶಾಸನವಾಗಿ ಉಳಿದಿದೆ.

ಕೆಕೊವಾದಲ್ಲಿ ಕಾಲಿಟ್ಟು ನೋಡಬೇಕಾದದ್ದು ಎದುರಿನ ಕಾಲೆಕೊಯ್ ಹಳ್ಳಿ, ಅಂದರೆ ಹಿಂದಿನ ಸಿಮೆನಾ. ಅಲ್ಲಿಗೆ ವಾಹನದ ರಸ್ತೆಯಿಲ್ಲ. ದೋಣಿಯಲ್ಲಿ ಬರಬೇಕು, ಇಲ್ಲವೇ ನಡೆದು ಬರಬೇಕು. ಮನೆಗಳ ನಡುವಿನ ಕಡಿದಾದ ಮೆಟ್ಟಿಲು ಹತ್ತಿ ಕೋಟೆ ಸೇರಿದರೆ ಅದರೊಳಗೆ ಬಂಡೆಯಲ್ಲೇ ಕಡಿದ ಪುಟ್ಟ ರಂಗಮಂದಿರವಿದೆ. ಮುನ್ನೂರು ಜನ ಕೂರಬಹುದಾದಷ್ಟು ಚಿಕ್ಕದು. ಆ ಊರು ಎಷ್ಟು ದೊಡ್ಡದಿತ್ತೆಂದು ಅಳೆಯಲು ಬೇರೆ ಸಾಕ್ಷಿ ಬೇಡ. ಕೆಳಗೆ ದಡದ ಹತ್ತಿರ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ, ಒಂದು ಲಿಸಿಯನ್ ಕಲ್ಲಿನ ಶವಪೆಟ್ಟಿಗೆ ಒಂಟಿಯಾಗಿ ನಿಂತಿದೆ. ಅದರ ಮುಚ್ಚಳ ಮಗುಚಿಹಾಕಿದ ದೋಣಿಯಂತಿದೆ. ಹತ್ತಿರ ಹೋದಾಗ ಅದರ ಬದಿಗಳನ್ನು ಗಮನಿಸಿ: ಕಲ್ಲಿನಲ್ಲಿ ಕಡಿದಿದ್ದರೂ ಮರದ ತೊಲೆಗಳ ತುದಿಗಳು ಹೊರಚಾಚಿರುವಂತೆ ಬಿಡಿಸಿದ್ದಾರೆ. ಬದುಕಿದ್ದಾಗಿನ ಮರದ ಮನೆಯನ್ನೇ ಸತ್ತವರಿಗೆ ಕಲ್ಲಿನಲ್ಲಿ ಕಟ್ಟಿಕೊಡುವುದು ಲಿಸಿಯನ್ನರ ಪದ್ಧತಿಯಾಗಿತ್ತು. ಇಂತಹ ಅನೇಕ ಗೋರಿಗಳ ಶಾಸನಗಳಲ್ಲಿ, ಗೋರಿಯನ್ನು ಕೆಡಿಸಿದವರು ಅಥವಾ ಬೇರೊಬ್ಬರ ಶವವನ್ನು ಒಳಗಿಟ್ಟವರು ತೆರಬೇಕಾದ ದಂಡದ ಮೊತ್ತವನ್ನೂ ಬರೆದಿದ್ದಾರೆ.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿನಿ. ವಾರವಿಡೀ ನೌಕೆಯಲ್ಲಿದ್ದರೆ ಒಳನಾಡಿನ ಸ್ಥಳಗಳು ತಪ್ಪಿಹೋಗುತ್ತವೆಯಲ್ಲವೇ? ರಸ್ತೆಯಲ್ಲಿ ಹೋಗುವುದೇ ಒಳ್ಳೆಯದಲ್ಲವೇ?

ಉತ್ತರ: ಕೆಲವು ಸ್ಥಳಗಳು ತಪ್ಪುತ್ತವೆ, ನಿಜ. ಆದರೆ ಈ ತೀರ ಯಾಕೆ ಹೀಗೆ ಬೆಳೆಯಿತು ಎಂಬುದು ನೀರಿನ ಮೇಲಿಂದ ನೋಡಿದಾಗ ಅರ್ಥವಾಗುವಷ್ಟು ರಸ್ತೆಯಿಂದ ಅರ್ಥವಾಗದು. ಬೆನ್ನಿಗೆ ಪರ್ವತ ಒತ್ತಿಕೊಂಡಿದ್ದ ಈ ಪಟ್ಟಣಗಳಿಗೆ ಸಮುದ್ರವೇ ಹೆದ್ದಾರಿ. ಅಲೆಕ್ಸಾಂಡ್ರಿಯಾದಿಂದ ರೋಮ್‌ಗೆ ಗೋಧಿ ಒಯ್ಯುತ್ತಿದ್ದ ಹಡಗುಗಳು ಬೇಸಿಗೆಯ ವಾಯವ್ಯ ಗಾಳಿಗೆ ಎದುರಾಗಿ ನೇರ ಸಾಗಲಾರದೆ, ಉತ್ತರಕ್ಕೆ ಲಿಸಿಯಾದವರೆಗೆ ಬಂದು, ಇಲ್ಲಿಂದ ತೀರದ ಆಸರೆಯಲ್ಲಿ ಪಶ್ಚಿಮಕ್ಕೆ ತಿರುಗುತ್ತಿದ್ದವು. ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಭಾಗದಲ್ಲಿ ಪೌಲನು ಒಮ್ಮೆ ಲಿಸಿಯಾದ ಪತಾರಾ ಬಂದರಿನಲ್ಲಿ ಹಡಗು ಬದಲಿಸುತ್ತಾನೆ. ಮತ್ತೊಮ್ಮೆ, ಸೆರೆಯಾಳಾಗಿ, ಇದೇ ತೀರದ ಮೈರಾದಲ್ಲಿ ಇಟಲಿಗೆ ಹೊರಟ ಅಲೆಕ್ಸಾಂಡ್ರಿಯಾದ ಹಡಗನ್ನು ಏರುತ್ತಾನೆ. ನಿಮ್ಮ ಕಪ್ತಾನರನ್ನು ನಸುಕಿನಲ್ಲಿ ಎಬ್ಬಿಸುವ ಗಾಳಿಯೇ ಅಂದು ಆ ಬಂದರುಗಳಿಗೆ ಅನ್ನ ಹಾಕಿತು. ಮೈರಾದ ಬಂದರಾಗಿದ್ದ ಆಂದ್ರಿಯಾಕೆಯಲ್ಲಿ ಹೇಡ್ರಿಯನ್ ಚಕ್ರವರ್ತಿಯ ಕಾಲದ ಧಾನ್ಯದ ಉಗ್ರಾಣ ಇನ್ನೂ ನಿಂತಿದೆ, ಈಗ ಅದು ಲಿಸಿಯಾ ನಾಗರಿಕತೆಯ ವಸ್ತುಸಂಗ್ರಹಾಲಯ. ಅದನ್ನು ತಪ್ಪಿಸಬೇಡಿ. ಮೈರಾದ ಬಂಡೆಗೋರಿಗಳು, ರೋಮನ್ ರಂಗಮಂದಿರ, ದೆಮ್ರೆ ಪೇಟೆಯ ಸಂತ ನಿಕೊಲಸ್ ಚರ್ಚು ಎಲ್ಲವೂ ಅಲ್ಲಿಂದ ಹತ್ತಿರ. 4ನೇ ಶತಮಾನದಲ್ಲಿ ಮೈರಾದ ಬಿಷಪ್ ಆಗಿದ್ದ ನಿಕೊಲಸ್‌ನ ಅಸ್ಥಿಗಳನ್ನು 1087ರಲ್ಲಿ ಇಟಲಿಯ ನಾವಿಕರು ಬಾರಿಗೆ ಒಯ್ದರು.

ಒಳನಾಡಿಗೆ ಒಂದೇ ದಿನ ಸಿಗುವುದಾದರೆ ಕಲ್ಕನ್‌ನಲ್ಲಿ ಇಳಿದು ಬಾಡಿಗೆ ವಾಹನದಲ್ಲಿ ಪತಾರಾಕ್ಕೆ ಹೋಗಿ. ಕೆಕೊವಾದಲ್ಲಿ ನೆಲ ನೀರಿನೊಳಗೆ ಇಳಿದಿದ್ದರೆ ಪತಾರಾದಲ್ಲಿ ನಡೆದದ್ದು ಅದರ ವಿರುದ್ಧ: ನದಿಯ ಹೂಳು ಮತ್ತು ಮರಳು ಬಂದರಿನ ಬಾಯನ್ನು ಮುಚ್ಚಿದವು, ಹಡಗುಗಳು ನಿಲ್ಲುತ್ತಿದ್ದ ಜಾಗ ಜೌಗಾಯಿತು. ಒಂದೇ ತೀರದಲ್ಲಿ, ಒಂದು ದಿನದ ಹಾದಿಯ ಅಂತರದಲ್ಲಿ, ಈ ಎರಡನ್ನೂ ನೋಡಬಹುದು. ನೀರೋ ಕಾಲದ ದೀಪಸ್ತಂಭ ಈಗ ಸಮುದ್ರದಿಂದ ಹಿಂದೆ ಸರಿದ ನೆಲದಲ್ಲಿದೆ. ಪತಾರಾದಲ್ಲಿಯೇ ಲಿಸಿಯಾ ಒಕ್ಕೂಟದ ಸಭಾಭವನವಿದ್ದು, ಅದನ್ನು ದುರಸ್ತಿ ಮಾಡಿ ಮತ್ತೆ ನಿಲ್ಲಿಸಲಾಗಿದೆ. ಈ ಒಕ್ಕೂಟದಲ್ಲಿ 23 ನಗರಗಳಿದ್ದವೆಂದೂ, ದೊಡ್ಡ ನಗರಕ್ಕೆ ಮೂರು, ಮಧ್ಯಮ ನಗರಕ್ಕೆ ಎರಡು, ಉಳಿದವಕ್ಕೆ ಒಂದೊಂದು ಮತವಿತ್ತೆಂದೂ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಇದನ್ನು ಒಕ್ಕೂಟ ಗಣರಾಜ್ಯದ ಉತ್ತಮ ಮಾದರಿಯೆಂದು ಹೊಗಳಿದನು. ಅಮೆರಿಕದ ಸಂವಿಧಾನದ ಚರ್ಚೆಯಲ್ಲಿ ಹ್ಯಾಮಿಲ್ಟನ್ ಈ ಮಾತನ್ನು ಉಲ್ಲೇಖಿಸಿದನು. ಆ ಅರ್ಧವೃತ್ತದ ಕಲ್ಲಿನ ಮೆಟ್ಟಿಲುಗಳ ಮೇಲೆ ಅರ್ಧ ಗಂಟೆಯಾದರೂ ಕುಳಿತುಕೊಳ್ಳಿ. ಸಮಯ ಉಳಿದರೆ ಲಿಸಿಯಾದ ಇನ್ನೊಂದು ಹಳೆಯ ನಗರ ಕ್ಸಾಂತೋಸ್ ನೋಡಬಹುದು. ಅದರ ಉತ್ತಮ ಶಿಲ್ಪಗಳನ್ನು 1840ರ ದಶಕದಲ್ಲಿ ಚಾರ್ಲ್ಸ್ ಫೆಲೋಸ್ ಲಂಡನ್ನಿಗೆ ಸಾಗಿಸಿದ್ದರಿಂದ ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಕಾಶ್ ದಾಟುವಾಗ ಉಲುಬುರುನ್ ಭೂಶಿರ ಎಲ್ಲಿದೆ ಎಂದು ಕಪ್ತಾನರನ್ನು ಕೇಳಿ. ಕಣ್ಣಿಗೆ ಅದು ಬರಿಯ ಬಂಡೆ. 1982ರಲ್ಲಿ ಮೆಹ್ಮೆತ್ ಚಾಕಿರ್ ಎಂಬ ಸ್ಪಂಜು ಹೆಕ್ಕುವವರು, ಸಮುದ್ರದ ತಳದಲ್ಲಿ ಕಿವಿಗಳಿರುವ ಲೋಹದ ಬಿಸ್ಕತ್ತುಗಳನ್ನು ಕಂಡೆನೆಂದು ಹೇಳಿದ್ದರಿಂದ ಅಲ್ಲಿ ಕ್ರಿ.ಪೂ. 14ನೇ ಶತಮಾನದ ಕೊನೆಗೆ ಮುಳುಗಿದ ಹಡಗು ಪತ್ತೆಯಾಯಿತು. ಆ ಬಿಸ್ಕತ್ತುಗಳು ತಾಮ್ರದ ಗಟ್ಟಿಗಳು. ಜಾರ್ಜ್ ಬಾಸ್ ಮತ್ತು ಜೆಮಾಲ್ ಪುಲಾಕ್ ಅವರ ನೇತೃತ್ವದಲ್ಲಿ 1984ರಿಂದ 1994ರವರೆಗೆ ನಡೆದ ಉತ್ಖನನದಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ ಸಿಕ್ಕವು. ಕಂಚಿಗೆ ಬೇಕಾದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ನೀಲಿ ಗಾಜಿನ ಗಟ್ಟಿಗಳು, ಕರಿಮರ, ಆನೆಯ ಮತ್ತು ನೀರಾನೆಯ ದಂತ, ಈಜಿಪ್ಟಿನ ರಾಣಿ ನೆಫರ್ತಿತಿಯ ಹೆಸರಿರುವ ಚಿನ್ನದ ಮುದ್ರೆ ಒಂದೇ ಹಡಗಿನಲ್ಲಿದ್ದವು. ಇವನ್ನೆಲ್ಲ ಬೊದ್ರುಮ್ ಕೋಟೆಯ ಜಲಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಪ್ರವಾಸದ ಕೊನೆಗೆ ಎರಡು ದಿನ ಹೆಚ್ಚು ಸಿಕ್ಕರೆ ಅಲ್ಲಿಗೆ ಹೋಗಲು ಹಿಂಜರಿಯಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ನೌಕೆಯಲ್ಲಿ ಊಟಕ್ಕೆ ತೊಂದರೆಯಾಗುವುದೇ?

ಉತ್ತರ: ಆಗುವುದಿಲ್ಲ, ಮೊದಲೇ ತಿಳಿಸಿದ್ದರೆ. ಬೆಳಗಿನ ತಿಂಡಿಗೆ ಬ್ರೆಡ್ಡು, ಬಿಳಿ ಗಿಣ್ಣು, ಆಲಿವ್, ಟೊಮೆಟೊ, ಸೌತೆಕಾಯಿ, ಜೇನು ಇರುತ್ತವೆ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ಬದನೆ, ಬೀನ್ಸ್ ಮುಂತಾದ ತರಕಾರಿ ಪದಾರ್ಥಗಳು ಟರ್ಕಿಯ ಅಡುಗೆಯ ಹೆಮ್ಮೆ. ಬೇಳೆಯ ಸೂಪು ಮತ್ತು ಅನ್ನವನ್ನು ಕೆಲವೊಮ್ಮೆ ಮಾಂಸದ ಸಾರಿನಲ್ಲಿ ಬೇಯಿಸುತ್ತಾರಾದ್ದರಿಂದ ಅಡುಗೆಯವರೊಂದಿಗೆ ಅದನ್ನು ಮಾತ್ರ ಬಿಡಿಸಿ ಹೇಳಬೇಕು. ಕೆಲವು ಕೊಲ್ಲಿಗಳಲ್ಲಿ ಹಳ್ಳಿಯ ಹೆಂಗಸರು ಸಣ್ಣ ದೋಣಿಯಲ್ಲೇ ಒಲೆ ಇಟ್ಟುಕೊಂಡು ಬಂದು, ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಗಿಣ್ಣು ಅಥವಾ ಪಾಲಕ್ ಇಟ್ಟು ಗೊಜ್‌ಲೆಮೆ ಸುಟ್ಟು ಕೊಡುತ್ತಾರೆ.

ಪ್ರಶ್ನೆ: ನನ್ನ ತಾಯಿಯವರಿಗೆ ಈಜು ಬಾರದು, ಪ್ರಯಾಣದಲ್ಲಿ ವಾಂತಿಯ ತೊಂದರೆಯೂ ಇದೆ. ಅವರನ್ನು ಕರೆದೊಯ್ಯಬಹುದೇ?

ಉತ್ತರ: ಒಯ್ಯಬಹುದು, ಆದರೆ ನೌಕೆಯ ದಿನಚರಿಯನ್ನು ಅವರಿಗೆ ಮೊದಲೇ ವಿವರಿಸಿ. ರಾತ್ರಿ ತಂಗುವಾಗ ನೌಕೆ ಮುಂಭಾಗದ ಲಂಗರನ್ನು ಆಳದ ನೀರಿಗೆ ಬಿಟ್ಟು, ಹಿಂದಕ್ಕೆ ಸರಿದು ದಡದ ಸಮೀಪ ನಿಲ್ಲುತ್ತದೆ. ನಾವಿಕನೊಬ್ಬ ಹಗ್ಗದ ತುದಿ ಹಿಡಿದು ಈಜಿ ಹೋಗಿ ಅದನ್ನು ಬಂಡೆಗೆ ಬಿಗಿಯುತ್ತಾನೆ. ಹೀಗೆ ಎರಡೂ ಕಡೆಯಿಂದ ಕಟ್ಟಿದ ನೌಕೆ ರಾತ್ರಿ ಹೆಚ್ಚು ತೂಗುವುದಿಲ್ಲ. ಕಷ್ಟವಿರುವುದು ದಡಕ್ಕೆ ಇಳಿಯುವಾಗ. ಬಂದರಿನಲ್ಲಿ ಅಗಲ ಕಡಿಮೆಯಿರುವ ಹಲಗೆಯ ಮೇಲೆ ನಡೆಯಬೇಕು, ಕೊಲ್ಲಿಯಲ್ಲಿ ಏಣಿ ಇಳಿದು ಅಲುಗಾಡುವ ರಬ್ಬರ್ ದೋಣಿಗೆ ಕಾಲಿಡಬೇಕು. ಮೊಣಕಾಲಿನ ನೋವಿದ್ದವರಿಗೆ ಇದು ಏಳು ಭೂಶಿರಗಳ ಅಲೆಗಿಂತ ದೊಡ್ಡ ತೊಡಕು. ವಾಂತಿಗೆ ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ ನೌಕೆ ಹೊರಡುವ ಮುನ್ನವೇ ಕೊಡಿ. ಅಲೆ ಇರುವಾಗ ಕೆಳಗಿನ ಕೋಣೆಯಲ್ಲಿ ಮಲಗಿಸದೆ, ಡೆಕ್‌ನ ನಡುಭಾಗದಲ್ಲಿ ದಿಗಂತ ಕಾಣುವಂತೆ ಕೂರಿಸಿ. ನೀರಿಗೆ ಇಳಿಯುವ ಆಸೆಯಾದರೆ ಜೀವರಕ್ಷಕ ಕವಚ ತೊಡಿಸಿ, ಪಕ್ಕದಲ್ಲಿ ಈಜು ಬಲ್ಲವರಿರಲಿ, ಏಕೆಂದರೆ ಅಲ್ಲಿ ದಡದ ಅಂಚಿನಲ್ಲೇ ನೀರು ತಟ್ಟನೆ ಆಳವಾಗುತ್ತದೆ.

ಸಾಮಾನಿನ ಮಾತೂ ಇಲ್ಲೇ ಬರಲಿ: ಗಟ್ಟಿ ಸೂಟ್‌ಕೇಸ್ ಇಡಲು ಕೋಣೆಯಲ್ಲಿ ಜಾಗವಿಲ್ಲ, ಮಡಚಬಹುದಾದ ಚೀಲ ಒಯ್ಯಿರಿ. ನೌಕೆಯ ಮೇಲೆ ಎಲ್ಲರೂ ಬರಿಗಾಲಲ್ಲಿ ಇರುತ್ತಾರೆ, ಚಪ್ಪಲಿಗಳು ಹತ್ತುವ ಜಾಗದ ಬುಟ್ಟಿಯಲ್ಲೇ ಉಳಿಯುತ್ತವೆ. ಸಿಹಿನೀರು ತೊಟ್ಟಿಯಲ್ಲಿರುವಷ್ಟೇ, ಆದ್ದರಿಂದ ಸ್ನಾನ ಚಿಕ್ಕದಾಗಿರಲಿ. ಶೌಚಾಲಯದಲ್ಲಿ ಕಾಗದ ಹಾಕಬಾರದು. ಗೊಚೆಕ್ ಮತ್ತು ಫೆತಿಯೆ ಕೊಲ್ಲಿಗಳಲ್ಲಿ ನೌಕೆಗಳು ಕೊಳೆನೀರನ್ನು ದಡದ ಘಟಕಗಳಿಗೆ ಒಪ್ಪಿಸಿ ‘ನೀಲಿ ಕಾರ್ಡ್’ನಲ್ಲಿ ದಾಖಲಿಸಬೇಕೆಂಬ ನಿಯಮವಿದೆ.

ಪ್ರಶ್ನೆ: ಕಾಶ್‌ನ ಎದುರಿಗೇ ಇರುವ ಗ್ರೀಸ್‌ನ ಮೇಯಿಸ್ ದ್ವೀಪಕ್ಕೂ ಹೋಗಿಬರಬಹುದೇ?

ಉತ್ತರ: ಕಾಶ್‌ನಿಂದ ಅರ್ಧ ಗಂಟೆಯೊಳಗೆ ತಲಪುವ ಪ್ರಯಾಣಿಕರ ದೋಣಿ ಇದೆ. ಗ್ರೀಕರು ಕಸ್ತೆಲೊರಿಜೊ ಎನ್ನುವ ಈ ದ್ವೀಪ ಸುಂದರವಾದದ್ದೇ. ಆದರೆ ಅದು ಇನ್ನೊಂದು ದೇಶ: ಗ್ರೀಸ್ ಪ್ರವೇಶಿಸಲು ಶೆಂಗೆನ್ ವೀಸಾ ಬೇಕು, ದೋಣಿ ಹತ್ತುವಾಗ ನೀವು ಟರ್ಕಿಯಿಂದ ಹೊರಬಿದ್ದಂತೆ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳುತ್ತದೆ. ನಿಮ್ಮ ಟರ್ಕಿ ವೀಸಾ ಒಂದೇ ಪ್ರವೇಶದ್ದಾದರೆ ಸಂಜೆ ನೌಕೆಗೆ ಮರಳಲಾಗದು. ಎರಡು ಬಾರಿ ಪ್ರವೇಶಿಸಬಹುದಾದ ವೀಸಾ ಇಲ್ಲದವರು ಆ ಹೊತ್ತನ್ನು ಕಾಶ್‌ನಲ್ಲೇ, ಸಮುದ್ರಕ್ಕೆ ಮುಖ ಮಾಡಿರುವ ಹೆಲೆನಿಸ್ಟಿಕ್ ಕಾಲದ ರಂಗಮಂದಿರದಲ್ಲಿ ಕಳೆಯುವುದು ಉತ್ತಮ.

ಪ್ರಶ್ನೆ: ಇಂತಹ ಜಾಗಗಳಲ್ಲಿ ನೆಲದ ಮೇಲೆ ಮಡಕೆಯ ಚೂರುಗಳು ಬಿದ್ದಿರುತ್ತವೆ. ನೆನಪಿಗಾಗಿ ಒಂದನ್ನು ತಂದರೆ ತಪ್ಪೇ?

ಉತ್ತರ: ತಪ್ಪು ಮಾತ್ರವಲ್ಲ, ಅಪರಾಧ. ಟರ್ಕಿಯ 1983ರ 2863ನೇ ಕಾನೂನಿನಂತೆ ನೆಲದಲ್ಲಾಗಲಿ ನೀರಿನಲ್ಲಾಗಲಿ ಸಿಗುವ ಪ್ರಾಚೀನ ವಸ್ತುಗಳು ಸರ್ಕಾರದ ಸ್ವತ್ತು. ಅವನ್ನು ದೇಶದಿಂದ ಹೊರಕ್ಕೆ ಒಯ್ದರೆ ಸೆರೆವಾಸದ ಶಿಕ್ಷೆಯಿದೆ, ವಿಮಾನ ನಿಲ್ದಾಣಗಳಲ್ಲಿ ಸಾಮಾನುಗಳ ತಪಾಸಣೆಯೂ ಬಿಗಿ. ಚೂರು ಎಷ್ಟು ಚಿಕ್ಕದಾದರೂ ಅದು ಬಿದ್ದಿರುವ ಜಾಗವೇ ಪುರಾತತ್ವಜ್ಞರಿಗೆ ಅದರ ಮುಕ್ಕಾಲು ಅರ್ಥವನ್ನು ಕೊಡುತ್ತದೆ. ಫೋಟೊ ತೆಗೆದುಕೊಳ್ಳಿ, ಚೂರನ್ನು ಮುಟ್ಟದೆ ಬಿಡಿ; ಮಕ್ಕಳು ಜೊತೆಗಿದ್ದರೆ ನೌಕೆಗೆ ಮರಳುವ ಮುನ್ನ ಅವರ ಜೇಬುಗಳನ್ನೂ ಒಮ್ಮೆ ನೋಡಿ.